ವಾಪಸ್ ಬಂದ ಕಿಟ್: ದಾವಣಗೆರೆಯ ಒಂದು ಧರ್ಮಕೇಂದ್ರದ ಪ್ರಕರಣ

ಸೋಮವಾರ ಬೆಳಿಗ್ಗೆ ಏಳೂವರೆಗೆ ಚರ್ಚಿನ ಗುರುಮನೆಯ, ಅಂದರೆ ಪಾದ್ರಿಗಳ ಮನೆಯ, ವರಾಂಡದಲ್ಲಿ ಒಂದು ಚೀಲ ಇತ್ತು. ಹಿಂದಿನ ದಿನ ನಾವು ಬಡ ಮನೆಗಳಿಗೆ ಹಂಚಿದ್ದ 40 ದಿನಸಿ ಕಿಟ್‌ಗಳಲ್ಲಿ ಒಂದು. ಯಾರು ಇಟ್ಟು ಹೋದರು ಅಂತ ಅಡುಗೆಯವರಿಗೂ ಗೊತ್ತಿರಲಿಲ್ಲ. ಸ್ವಾಮಿಗಳು, ನಾವು ಪಾದ್ರಿಗಳನ್ನು ಕರೆಯುವುದೇ ಹಾಗೆ, ನನಗೆ ಫೋನ್ ಮಾಡಿದರು. ಕೆಲಸಕ್ಕೆ ಹೋಗುವ ದಾರಿಯಲ್ಲೇ ಚರ್ಚಿಗೆ ಹೋದೆ. ಬಿಚ್ಚಿ ನೋಡಿದರೆ ಅಕ್ಕಿ, ತೊಗರಿಬೇಳೆ, ಎಣ್ಣೆ, ಸಕ್ಕರೆ, ಟೀ ಪುಡಿ, ಸೋಪು ಎಲ್ಲ ಹಾಗೇ ಇದ್ದವು. ಉಪ್ಪಿನ ಪ್ಯಾಕೆಟ್ ಮಾತ್ರ ಇರಲಿಲ್ಲ. ಅದರ ಜಾಗದಲ್ಲಿ ನಾಲ್ಕು ಮಡಿಕೆ ಮಾಡಿದ 20 ರೂಪಾಯಿ ನೋಟು ಇತ್ತು.

ಚೀಲದ ಮೇಲೆ ಮಾರ್ಕರಿನಲ್ಲಿ 27 ಅಂತ ನಾನೇ ಬರೆದಿದ್ದೆ. ಪಟ್ಟಿ ತೆಗೆದು ನೋಡಿದೆ. ಮಂಡಕ್ಕಿ ಭಟ್ಟಿ ಕಡೆ ಇರುವ ಒಬ್ಬ ಅಜ್ಜಿಯ ಹೆಸರು.

ಈ ಬರಹ ಆ ಚೀಲದ ಕಥೆ. ಅಜ್ಜಿಯ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಹಾಕಬೇಡ ಅಂದರು, ಯಾರ ಹೆಸರನ್ನೂ ಹಾಕಿಲ್ಲ. ಚರ್ಚಿನ ಹೆಸರೂ ಇಲ್ಲ. ದಾವಣಗೆರೆಯವರು ಊಹೆ ಮಾಡಿಕೊಂಡರೆ ನಾನೇನೂ ಮಾಡುವ ಹಾಗಿಲ್ಲ.

ನಾವು ಯಾರು

ನಮ್ಮದು ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿದ ಕಥೋಲಿಕ ಧರ್ಮಕೇಂದ್ರ. ಧರ್ಮಕೇಂದ್ರ ಅಂದರೆ ಒಂದು ಚರ್ಚು, ಅದಕ್ಕೆ ಸೇರಿದ ಮನೆಗಳು. ಇಂಥ ಹಲವು ಸೇರಿ ಒಬ್ಬ ಬಿಷಪ್ಪರ ಕೆಳಗೆ ಇರುವುದು ಧರ್ಮಕ್ಷೇತ್ರ. ಧರ್ಮಕ್ಷೇತ್ರ ಆದದ್ದು 1988ರಲ್ಲಿ. ಆಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯೊಳಗೇ ಇತ್ತು, ಬೇರೆ ಜಿಲ್ಲೆ ಆದದ್ದು 1997ರಲ್ಲಿ. ನಮ್ಮ ಧರ್ಮಕೇಂದ್ರದಲ್ಲಿ ಇನ್ನೂರರ ಆಸುಪಾಸು ಮನೆಗಳಿವೆ. ಕನ್ನಡದವರು, ತಮಿಳಿನವರು, ಕೊಂಕಣಿಯವರು, ನಾಲ್ಕಾರು ಮಲಯಾಳಿ ಕುಟುಂಬಗಳು. ಪೂಜೆ ಕನ್ನಡದಲ್ಲಿ, ಪೂಜೆ ಮುಗಿದ ಮೇಲಿನ ಹರಟೆ ನಾಲ್ಕು ಭಾಷೆಯಲ್ಲಿ.

ನಾನು ಪಾಲನಾ ಸಮಿತಿಯ ಕಾರ್ಯದರ್ಶಿ. ಹೊಟ್ಟೆಪಾಡಿಗೆ ಮೆಕ್ಕೆಜೋಳದ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಸಮಿತಿಯ ಬಗ್ಗೆ ಹೊರಗಿನವರಿಗೆ ಒಂದೆರಡು ಮಾತು ಹೇಳಬೇಕು. ಒಳಗಿನವರಲ್ಲೂ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ ಎರಡು ಸಮಿತಿಗಳ ಮಾತು ಬರುತ್ತದೆ. 536ನೇ ನಿಯಮ ಪಾಲನಾ ಸಮಿತಿಯದು. ಧರ್ಮಾಧ್ಯಕ್ಷರು, ಅಂದರೆ ಬಿಷಪ್ಪರು, ಬೇಕು ಅಂದರೆ ಇರುತ್ತದೆ, ಇದ್ದರೂ ಅದಕ್ಕೆ ಸಲಹೆ ಕೊಡುವ ಅಧಿಕಾರ ಮಾತ್ರ. 537ನೇ ನಿಯಮ ಹಣಕಾಸು ಸಮಿತಿಯದು. ಅದು ಪ್ರತಿ ಧರ್ಮಕೇಂದ್ರದಲ್ಲೂ ಇರಲೇಬೇಕು. ಅಂದರೆ ದುಡ್ಡಿನ ಸಮಿತಿ ಕಡ್ಡಾಯ, ಜನರ ಸಮಿತಿ ಬೇಕಾದರೆ. ಇದನ್ನು ನಾನು ಒಮ್ಮೆ ಸಭೆಯಲ್ಲಿ ತಮಾಷೆಗೆ ಹೇಳಿದ್ದೆ. ಖಜಾಂಚಿ ಅಣ್ಣ ನಗಲಿಲ್ಲ.

ಪಾಲನಾ ಸಮಿತಿಯಲ್ಲಿ 14 ಜನ. ಅದರೊಳಗೆ ಹಬ್ಬದ ಸಮಿತಿ, ಪೂಜಾವಿಧಿ ಸಮಿತಿ, ಯುವಜನ, ಧರ್ಮೋಪದೇಶ, ಕೊನೆಗೆ ಸೇವಾ ಸಮಿತಿ. ಹಬ್ಬದ ಸಮಿತಿಗೆ ಜನ ನುಗ್ಗುತ್ತಾರೆ. ಸೆಪ್ಟೆಂಬರ್ 8ರ ಮಾತೆಯ ಹಬ್ಬ ಬಂತು ಅಂದರೆ ಇಲ್ಲಿಂದ ಹರಿಹರದ ಆರೋಗ್ಯ ಮಾತೆಯ ಬಸಿಲಿಕಕ್ಕೆ 14 ಕಿಲೋಮೀಟರ್ ನಡೆದು ಹೋಗುವವರಿಗೆ ದಾರಿಯಲ್ಲಿ ಮಜ್ಜಿಗೆ ಕೊಡಲು ಹುಡುಗರು ನಾ ಮುಂದು ತಾ ಮುಂದು ಅಂತಾರೆ. ಸೇವಾ ಸಮಿತಿಗೆ ಐದು ಹೆಸರು. ಸಭೆಗೆ ಬರುವವರು ಇಬ್ಬರು. ಆ ಇಬ್ಬರಲ್ಲಿ ಒಬ್ಬ ನಾನು, ಅದೂ ಕಾರ್ಯದರ್ಶಿ ಆದ್ದರಿಂದ ಬರಲೇಬೇಕು ಅಂತ.

ಆ ಭಾನುವಾರ

ನವೆಂಬರ್ ಮಧ್ಯದಲ್ಲಿ, ಕ್ರಿಸ್ತರಾಜರ ಹಬ್ಬದ ಹಿಂದಿನ ಭಾನುವಾರ, ಬಡವರ ವಿಶ್ವ ದಿನ ಬರುತ್ತದೆ. ಪೋಪ್ ಫ್ರಾನ್ಸಿಸ್ 2017ರಲ್ಲಿ ಶುರು ಮಾಡಿದ್ದು. ನಮ್ಮಲ್ಲಿ ಅವತ್ತು ಕಿಟ್ ಹಂಚುವುದು ರೂಢಿ ಆಗಿತ್ತು. ಒಂದು ಕಿಟ್ಟಿಗೆ 760 ರೂಪಾಯಿ ಬಿತ್ತು. 40 ಕಿಟ್, 30,400. ಇದರ ಮೇಲೆ ಫ್ಲೆಕ್ಸ್, ಶಾಮಿಯಾನ, ಅತಿಥಿಗಳ ಶಾಲು ಹಾರ, ಬಂದವರಿಗೆ ಉಪ್ಪಿಟ್ಟು ಕೇಸರಿಬಾತು ಅಂತ 6,200. ಎಂಟು ಕಿಟ್ಟಿನ ದುಡ್ಡು ಅದು. ಬೇರೆಯವರ ಲೆಕ್ಕದಲ್ಲಿ ನಾಲ್ಕಾಣೆ ತಪ್ಪಿದ್ದರೂ ಹಿಡಿಯುವ ನಾನು ಇದನ್ನು ಲೆಕ್ಕ ಹಾಕಿ ನೋಡಿದ್ದು ಮುಂದಿನ ವಾರ.

ಎರಡನೇ ಪೂಜೆ ಮುಗಿದ ಮೇಲೆ ಕಾರ್ಯಕ್ರಮ. ಸ್ವಾಗತ, ಮುಖ್ಯ ಅತಿಥಿಯ ಭಾಷಣ, ದಾನಿಗಳಿಗೆ ಸನ್ಮಾನ. ಆಮೇಲೆ ಮೈಕಿನಲ್ಲಿ ಒಬ್ಬೊಬ್ಬರ ಹೆಸರು ಕೂಗಿದೆವು. ಕೂಗಿದವನು ನಾನೇ. ಹೆಸರು ಕರೆದ ತಕ್ಷಣ ಎದ್ದು ಬರಬೇಕು, ಅತಿಥಿ ಚೀಲದ ಒಂದು ಕಿವಿ ಹಿಡಿದಿರುತ್ತಾರೆ, ಇವರು ಇನ್ನೊಂದು ಕಿವಿ ಹಿಡಿಯಬೇಕು, ಇಬ್ಬರೂ ಕ್ಯಾಮೆರಾ ನೋಡಬೇಕು. ಒಬ್ಬ ಅಜ್ಜ ಕೆಳಗೆ ನೋಡುತ್ತಿದ್ದರು ಅಂತ ನಮ್ಮ ಹುಡುಗ 'ತಾತ, ಈ ಕಡೆ ನೋಡ್ರಿ' ಅಂದ. ಎರಡನೇ ಸಲ ಫೋಟೋ ತೆಗೆದ. ಮಧ್ಯಾಹ್ನ ಊಟದ ಹೊತ್ತಿಗೆ 40 ಫೋಟೋ ವಾಟ್ಸಾಪ್ ಗುಂಪಿನಲ್ಲಿ ಇದ್ದವು. ಸಂಜೆಗೆ ಎಷ್ಟೋ ಜನರ ಸ್ಟೇಟಸ್ಸಿನಲ್ಲೂ.

ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ. ಇದನ್ನು ಬರೆಯಲೇಬೇಕು, ಯಾಕೆಂದರೆ ಆಮೇಲೆ ಜಗಳ ಆದಾಗ ಎಲ್ಲರೂ ಇದೇ ಮಾತು ಹಿಡಿದುಕೊಂಡು ಕೂತರು.

ಪೆನ್ನೂ ಇರಬಾರದು

ನಮ್ಮ ಧರ್ಮಕೇಂದ್ರದಲ್ಲಿ ಹಿಂದೆ ಸಂತ ವಿನ್ಸೆಂಟ್ ದಿ ಪಾಲ್ ಸಭೆಯ ಘಟಕ ಇತ್ತು. ಜಗತ್ತಿನ ತುಂಬ ಇರುವ ಸಭೆ ಇದು. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಜನಾಂ ಅನ್ನುವ ಇಪ್ಪತ್ತು ವರ್ಷದ ವಿದ್ಯಾರ್ಥಿ ಗೆಳೆಯರ ಜತೆ ಸೇರಿ ಕಟ್ಟಿದ್ದು. ಬಡವರ ಮನೆಗೆ ಹೇಗೆ ಹೋಗಬೇಕು ಅಂತ ಆ ಹುಡುಗರಿಗೆ ಹೇಳಿಕೊಟ್ಟವರು ರೋಸಲಿ ರೆಂಡು ಅನ್ನುವ ಸಿಸ್ಟರ್. ಇಬ್ಬಿಬ್ಬರಾಗಿ ಮನೆಗೆ ಹೋಗುವುದು, ಸಭೆಯ ಕೊನೆಗೆ ಯಾರು ಎಷ್ಟು ಹಾಕಿದರು ಅಂತ ಗೊತ್ತಾಗದ ಹಾಗೆ ಚೀಲದಲ್ಲಿ ಕಾಣಿಕೆ ಎತ್ತುವುದು, ಹೋದ ಮನೆಯ ಸಂಗತಿ ಹೊರಗೆ ಆಡದಿರುವುದು. ಇವು ಅದರ ಪದ್ಧತಿಗಳು. ನಮ್ಮಲ್ಲಿ ಘಟಕ ನಿಂತು ಹೋಗಿ ಎಷ್ಟೋ ವರ್ಷ ಆಗಿದೆ. ಅದರಲ್ಲಿದ್ದ ಒಬ್ಬ ಹಿರಿಯರು ಇನ್ನೂ ಇದ್ದಾರೆ. ರೈಲ್ವೆಯಲ್ಲಿದ್ದು ನಿವೃತ್ತರಾದವರು, ಎಂಬತ್ತಕ್ಕೆ ಎರಡು ಕಮ್ಮಿ.

ಸ್ವಾಮಿಗಳು ಹೇಳಿದ್ದಕ್ಕೆ ಅವರನ್ನು ಕರೆದುಕೊಂಡು ಅಜ್ಜಿಯ ಮನೆಗೆ ಹೊರಟೆ. ನನ್ನ ಕೈಯಲ್ಲಿ ಪಟ್ಟಿಯ ಫೈಲು ಇತ್ತು. ಗೇಟಿನ ಹತ್ತಿರ ಹಿರಿಯರು ಅದನ್ನು ಕಸಿದುಕೊಂಡು ಸ್ಕೂಟರಿನ ಡಿಕ್ಕಿಗೆ ಹಾಕಿದರು.

'ಮೊದಲನೇ ಸಲ ಹೋದಾಗ ಕೈಯಲ್ಲಿ ಏನೂ ಇರಬಾರದಪ್ಪ. ಪೆನ್ನೂ ಇರಬಾರದು.'

ಜೇಬಿನ ಪೆನ್ನೂ ತೆಗೆಸಿದರು.

ಮಂಡಕ್ಕಿ ಭಟ್ಟಿಗಳ ಕಡೆ ಹೋದವರಿಗೆ ಗೊತ್ತು, ಹೊಗೆಗೆ ಒಂದು ರುಚಿ ಇರುತ್ತದೆ, ಗಂಟಲಿನಲ್ಲೇ ಕೂರುತ್ತದೆ. ಊರಿನವರು ಮಂಡಕ್ಕಿ ಮೆಣಸಿನಕಾಯಿ ಅಂತ ಬಾಯಿ ಚಪ್ಪರಿಸುತ್ತೇವೆ. ಅದರ ಹಿಂದೆ ಭತ್ತ ನೆನೆಸುವುದು, ಬೇಯಿಸುವುದು, ಒಣಗಿಸುವುದು, ಅಕ್ಕಿ ಮಾಡಿಸಿ ಉಪ್ಪುನೀರು ಹಾಕಿ ಹುರಿಯುವುದು, ಕಾದ ಮರಳಿನಲ್ಲಿ ಅರಳಿಸುವುದು, ಜರಡಿ ಹಿಡಿಯುವುದು ಇಷ್ಟೆಲ್ಲ ಇದೆ. ಅಜ್ಜಿ ಮೂವತ್ತು ವರ್ಷ ಈ ಕೆಲಸದಲ್ಲಿದ್ದವರು. ಈಗಲೂ ಮೈ ಚೆನ್ನಾಗಿದ್ದ ದಿನ ಒಂದೆರಡು ತಾಸು ಜರಡಿಗೆ ಹೋಗುತ್ತಾರೆ. ಮಗ ತೀರಿಕೊಂಡಿದ್ದಾನೆ. ಸೊಸೆ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ, ಆಗಾಗ ದುಡ್ಡು ಕಳಿಸುತ್ತಾಳೆ. ಒಂಬತ್ತನೇ ಕ್ಲಾಸಿನ ಮೊಮ್ಮಗ ಇವರ ಹತ್ತಿರ.

ನಮ್ಮನ್ನು ನೋಡಿ ಅಜ್ಜಿಗೆ ಆಶ್ಚರ್ಯ ಆಗಲಿಲ್ಲ, ಸಿಟ್ಟೂ ಕಾಣಲಿಲ್ಲ. ಚಾಪೆ ಹಾಸಿದರು. ತಗಡಿನ ಡಬ್ಬದಿಂದ ಮಂಡಕ್ಕಿ ತೆಗೆದು, ಈರುಳ್ಳಿ ಹೆಚ್ಚಿ, ಖಾರ ಹಾಕಿ ಕಲಸಿ ಇಬ್ಬರ ಮುಂದೆ ಎರಡು ತಟ್ಟೆ ಇಟ್ಟರು. ಹಿರಿಯರು ಕಿಟ್ಟಿನ ಸುದ್ದಿ ಎತ್ತಲೇ ಇಲ್ಲ. ತಟ್ಟೆ ಖಾಲಿ ಮಾಡಿದರು. ಭಟ್ಟಿಯ ಹಳೇ ಕಾಲದ ಮಾತು ಆಡಿದರು. ನಾನು ಕೂತಲ್ಲೇ ಚಡಪಡಿಸುತ್ತಿದ್ದೆ. ಕೊನೆಗೆ ಏಳುವಾಗ ಅಜ್ಜಿಯೇ ಹೇಳಿದರು.

'ಉಪ್ಪು ಅವತ್ತೇ ಒಡೆದುಬಿಟ್ಟಿದ್ದೆ. ಅಡಿಗಿಗೆ ಇರಲಿಲ್ಲ. ಅದಕ್ಕೇ ರೊಕ್ಕ ಇಟ್ಟೆ. ಕಮ್ಮಿ ಬಿದ್ದಿದ್ರೆ ಹೇಳ್ರಿ.'

ಉಪ್ಪಿನ ಋಣ ಅಂತ ನಮ್ಮ ಹಿರಿಯರು ಯಾವುದಕ್ಕೆ ಹೇಳುತ್ತಿದ್ದರು ಅಂತ ನನಗೆ ಅವತ್ತು ಗೊತ್ತಾಯಿತು. ತಲೆ ತಗ್ಗಿಸಿ ಹೊರಗೆ ಬಂದೆ.

ಕಾರಣ ತಿಳಿದದ್ದು ಎರಡನೇ ಸಲ ಹೋದಾಗ. ಅದನ್ನೂ ಹೇಳಿದ್ದು ಪಕ್ಕದ ಮನೆಯ ಹೆಂಗಸು. ಫೋಟೋ ಮೊಮ್ಮಗನ ಶಾಲೆಯ ಹುಡುಗರ ಫೋನಿಗೂ ಹೋಗಿತ್ತು. 'ನಿಮ್ಮಜ್ಜಿ ಚರ್ಚಿನಾಗೆ ಅಕ್ಕಿ ಇಸ್ಕೊಂಡ್ಲಂತೆ' ಅಂತ ಯಾರೋ ಅಂದಿದ್ದಾರೆ. ಹುಡುಗ ಮನೆಗೆ ಬಂದು ಊಟ ಬಿಟ್ಟಿದ್ದಾನೆ. ಅಜ್ಜಿ ರಾತ್ರಿಯೆಲ್ಲ ಕೂತು, ಬೆಳಗಿನ ಜಾವ ಚೀಲ ಹೊತ್ತುಕೊಂಡು ನಡೆದೇ ಬಂದಿದ್ದಾರೆ.

ಎರಡು ಕಡೆಯವರೂ ನಿಜ ಹೇಳಿದ್ದರು

ಮೂರನೇ ಸಲಕ್ಕೆ ಅಜ್ಜಿ ಒಳಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದರು. ಆಧಾರ್, ರೇಷನ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಪಿಂಚಣಿ ಮಂಜೂರಾತಿಯ ಕಾಗದ. ಸಂಧ್ಯಾ ಸುರಕ್ಷಾ, 65 ದಾಟಿದವರಿಗೆ ರಾಜ್ಯ ಸರ್ಕಾರ ಕೊಡುವ ಪಿಂಚಣಿ. 2007ರಲ್ಲಿ ಶುರುವಾದದ್ದು, ಈಗ ತಿಂಗಳಿಗೆ 1,200 ರೂಪಾಯಿ. ಪಾಸ್‌ಬುಕ್ಕಿನಲ್ಲಿ ಕೊನೆಯ ಪಿಂಚಣಿ ಏಪ್ರಿಲ್‌ನದು. ಆಮೇಲೆ ಏನೂ ಇಲ್ಲ.

'ಸರ್ಕಾರದೋರು ನಿಲ್ಸಿದ್ರು' ಅಂದರು ಅಜ್ಜಿ. ಮಳೆ ನಿಂತಿತು ಅನ್ನುವ ಹಾಗೆ.

ಲೆಕ್ಕದವನ ಬುದ್ಧಿ ನೋಡಿ, ನನ್ನ ತಲೆಯಲ್ಲಿ ಕೂಡಿಸುವುದು ಶುರುವಾಯಿತು. ನಾವು ವರ್ಷಕ್ಕೆ ಒಂದು ಸಲ ಮೈಕ್ ಹಾಕಿ, ಹಾರ ಹಾಕಿ 760 ರೂಪಾಯಿ ಕೊಟ್ಟು ಬೀಗುತ್ತಿದ್ದೆವು. ಅದೇ ಹೊತ್ತಿನಲ್ಲಿ ಅವರದೇ ಹಕ್ಕಿನ ದುಡ್ಡು ತಿಂಗಳಿಗೆ 1,200ರಂತೆ ಕೈ ತಪ್ಪಿ ಹೋಗುತ್ತಿತ್ತು. ನಮ್ಮ 14 ಜನರಲ್ಲಿ ಒಬ್ಬರಿಗೂ ಇದು ಗೊತ್ತಿಲ್ಲ. ಪಟ್ಟಿಯಲ್ಲಿ ಅವರ ಹೆಸರು ಮಾತ್ರ ಗೊತ್ತು.

ಬ್ಯಾಂಕಿಗೆ ಹೋದೆವು. ಖಾತೆ ಸರಿಯಾಗಿದೆ, ದುಡ್ಡು ಬಂದಿಲ್ಲ, ನಾಡಕಚೇರಿಯಲ್ಲಿ ಕೇಳಿ ಅಂದರು. ನಾಡಕಚೇರಿಗೆ ಹೋದೆವು. ಇಲ್ಲಿಂದ ಪ್ರತಿ ತಿಂಗಳೂ ಹೋಗುತ್ತಿದೆ, ಬ್ಯಾಂಕಿನಲ್ಲಿ ಕೇಳಿ ಅಂದರು. ಮತ್ತೆ ಬ್ಯಾಂಕು. ಮತ್ತೆ ನಾಡಕಚೇರಿ. ನನಗೆ ಎರಡು ಅರ್ಧ ದಿನದ ರಜೆ ಹೋಯಿತು, ಅಜ್ಜಿಗೆ ಎರಡು ದಿನದ ಜರಡಿ ಕೂಲಿ. ಮೂರನೇ ಸಲ ಕೌಂಟರಿನ ಮುಂದೆ ನನ್ನ ದನಿ ಸ್ವಲ್ಪ ಜೋರಾಯಿತು. ಅಜ್ಜಿ ನನ್ನ ಅಂಗಿ ಎಳೆದು 'ಬಿಡಪ್ಪ, ಅವರೇನು ತಮ್ಮ ಮನೆಗೆ ಒಯ್ದಾರಾ' ಅಂದರು.

ತಮಾಷೆ ಅಂದರೆ, ಇಬ್ಬರೂ ಹೇಳಿದ್ದು ನಿಜವಾಗಿತ್ತು.

ಗಂಟು ಬಿಡಿಸಿದ್ದು ಸಮಿತಿಯಲ್ಲೇ ಇಲ್ಲದ ಒಬ್ಬ ಹುಡುಗಿ. ಬಿ.ಕಾಂ. ಮುಗಿಸಿ ಆನ್‌ಲೈನ್ ಅರ್ಜಿ ಹಾಕುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಭಾನುವಾರ ಹಿಂದಿನ ಬೆಂಚಿನಲ್ಲಿ ಕೂತು ಪೂಜೆ ಮುಗಿಯುತ್ತಲೇ ಹೊರಟುಬಿಡುತ್ತಾಳೆ. ಗಾಯಕವೃಂದಕ್ಕೆ ಬಾ, ಯುವಜನಕ್ಕೆ ಬಾ ಅಂತ ಕರೆದು ಸಾಕಾಗಿ, ಆ ಹುಡುಗಿಗೆ ಚರ್ಚಿನ ಕೆಲಸದಲ್ಲಿ ಆಸಕ್ತಿ ಇಲ್ಲ ಅಂತ ನಾವು ತೀರ್ಮಾನ ಮಾಡಿಬಿಟ್ಟಿದ್ದೆವು. ಅರ್ಜಿಯ ಜೆರಾಕ್ಸ್ ಮಾಡಿಸಲು ಹೋದಾಗ ಸುಮ್ನೆ ಅವಳ ಮುಂದೆ ಗೊಣಗಿದೆ.

'ಅಂಕಲ್, ಎನ್‌ಪಿಸಿಐ ಮ್ಯಾಪಿಂಗ್ ಯಾವ ಬ್ಯಾಂಕಿಗಿದೆ ನೋಡಿದ್ರಾ?'

ನನಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಎನ್‌ಪಿಸಿಐ ಅಂದರೆ ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ರಾಷ್ಟ್ರೀಯ ಸಂಸ್ಥೆ, ಯಾವ ಆಧಾರಿಗೆ ಯಾವ ಬ್ಯಾಂಕು ಅನ್ನುವ ಜೋಡಣೆ ಅದರ ದಾಖಲೆಯಲ್ಲಿರುತ್ತದೆ. ಈಗ ಪಿಂಚಣಿ ಹೋಗುವುದು ಖಾತೆ ನಂಬರಿಗಲ್ಲ, ಆಧಾರ್ ನಂಬರಿಗೆ. ಒಂದು ಆಧಾರಿಗೆ ನಾಲ್ಕು ಖಾತೆ ಇರಬಹುದು, ಸರ್ಕಾರದ ದುಡ್ಡು ಬೀಳುವುದು ಮಾತ್ರ ಕೊನೆಗೆ ಯಾವ ಬ್ಯಾಂಕಿಗೆ ಜೋಡಣೆ ಆಯಿತೋ ಅಲ್ಲಿಗೆ. ಹೊಸ ಖಾತೆ ತೆರೆದು ಅದಕ್ಕೆ ಆಧಾರ್ ಜೋಡಿಸಿದರೆ ಹಳೆಯದಕ್ಕೆ ಬರುವುದು ತಾನಾಗಿಯೇ ನಿಂತು ಹೋಗುತ್ತದೆ. ಹಳೇ ಬ್ಯಾಂಕಿನವರಿಗೆ ಬಂದಿಲ್ಲ ಅಂತ ಮಾತ್ರ ಕಾಣುತ್ತದೆ, ಕಳಿಸಿದವರಿಗೆ ಹೋಗಿದೆ ಅಂತ ಮಾತ್ರ ಕಾಣುತ್ತದೆ.

ಯಾವ ಬ್ಯಾಂಕು ಅಂತ ಆಧಾರ್ ವೆಬ್‌ಸೈಟಿನಲ್ಲಿ ನೋಡಬಹುದು. ಅದಕ್ಕೆ ಒಟಿಪಿ ಬೇಕು. ಆಧಾರಿನಲ್ಲಿದ್ದದ್ದು ತೀರಿಕೊಂಡ ಮಗನ ಮೊಬೈಲ್ ನಂಬರು. ಆ ಸಿಮ್ ಸತ್ತು ಎಷ್ಟು ದಿನ ಆಯಿತೋ. ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಅಜ್ಜಿಯ ಹೊಸ ನಂಬರ್ ಹಾಕಿಸಬೇಕಾಯಿತು. ಅದು ಬದಲಾಗುವಷ್ಟರಲ್ಲಿ ಕ್ರಿಸ್ಮಸ್ ಬಂತು, ಹೊಸ ವರ್ಷ ಆಯಿತು. ಜನವರಿ ಮೊದಲ ವಾರ ಹುಡುಗಿ ಫೋನ್ ಮಾಡಿದಳು.

'ಸಿಕ್ತು ಅಂಕಲ್. ಅಜ್ಜಿ ಹೆಸರಲ್ಲಿ ಇನ್ನೊಂದು ಅಕೌಂಟ್ ಇದೆ.'

ಅಜ್ಜಿಗೆ ಕೇಳಿದರೆ ನೆನಪೇ ಇಲ್ಲ. ಕೆದಕಿದ ಮೇಲೆ ಹೊರಬಿತ್ತು. ಬೇಸಿಗೆಯಲ್ಲಿ ಬೀದಿ ಕೊನೆಗೆ ಛತ್ರಿ ಹಾಕಿಕೊಂಡು ಒಬ್ಬ ಹುಡುಗ ಸಿಮ್ ಕೊಡುತ್ತಿದ್ದ. ಹೆಬ್ಬೆಟ್ಟು ಒಂದಲ್ಲ, ಎರಡು ಮೂರು ಸಲ ಒತ್ತಿಸಿಕೊಂಡ. ಸಿಮ್ಮಿನ ಜತೆ ಒಂದು ಖಾತೆಯೂ ತೆರೆದಿತ್ತು. ಮೇ ತಿಂಗಳಿಂದ ಡಿಸೆಂಬರ್‌ವರೆಗೆ ಎಂಟು ತಿಂಗಳ ಪಿಂಚಣಿ, 9,600 ರೂಪಾಯಿ, ಅದರಲ್ಲಿ ತಣ್ಣಗೆ ಕೂತಿತ್ತು. ಅಡಿಗೆಗೆ ಉಪ್ಪಿಲ್ಲದ ದಿನವೂ.

ದುಡ್ಡು ತೆಗೆಯಲು ಬೆರಳಚ್ಚು ಬೇಕು. ಅಂಗಡಿಗೆ ಕರೆದುಕೊಂಡು ಹೋದೆವು. ಬಲಗೈ ಹೆಬ್ಬೆರಳು ಇಟ್ಟರು, ಕೆಂಪು ದೀಪ. ತೋರುಬೆರಳು, ಕೆಂಪು. ಮೂವತ್ತು ವರ್ಷ ಉಪ್ಪುನೀರು, ಕಾದ ಮಂಡಕ್ಕಿ, ಜರಡಿಯ ಅಂಚು ಹಿಡಿದ ಬೆರಳುಗಳು, ನುಣ್ಣಗೆ ನದಿಯ ಕಲ್ಲಿನ ಹಾಗೆ ಆಗಿದ್ದವು. ರೇಷನ್ ಅಂಗಡಿಯಲ್ಲೂ ಇದೇ ಕಷ್ಟ ಅಂತ ಆಗ ಹೇಳಿದರು. ಹುಡುಗಿ ಒದ್ದೆ ಬಟ್ಟೆಯಲ್ಲಿ ಒರೆಸಿದಳು, ಸೆರಗಿಗೆ ಉಜ್ಜಿಸಿದಳು, ಗಾಜನ್ನೂ ಒರೆಸಿದಳು. ಹಿಂದೆ ಸಾಲಿನಲ್ಲಿ ನಿಂತವರು ಗುಸುಗುಸು ಶುರು ಮಾಡಿದರು. ಹೆಚ್ಚು ಸಲ ತಪ್ಪಿದರೆ ಇವತ್ತಿಗೆ ಆಗುವುದೇ ಇಲ್ಲವೇನೋ ಅಂತ ಅವಳಿಗೂ ಭಯ. ಬಲಗೈ ಮುಗಿದು ಎಡಗೈಗೆ ಬಂದೆವು. ಎಡಗೈ ಉಂಗುರದ ಬೆರಳು ಇಟ್ಟಾಗ ಹಸಿರು ದೀಪ ಹತ್ತಿತು.

ಅಜ್ಜಿ ನೋಟು ಎಣಿಸಲಿಲ್ಲ. ಆ ಬೆರಳನ್ನೇ ಸ್ವಲ್ಪ ಹೊತ್ತು ನೋಡಿಕೊಂಡರು.

ಆಮೇಲೆ ಹಳೇ ಬ್ಯಾಂಕಿಗೆ ಹೋಗಿ ಆಧಾರ್ ಜೋಡಣೆಯ ಒಪ್ಪಿಗೆ ಪತ್ರ ಕೊಟ್ಟೆವು. ಮುಂದಿನ ಪಿಂಚಣಿಗಳು ಪಾಸ್‌ಬುಕ್ಕಿಗೇ ಬರುತ್ತಿವೆ.

ಜಗಳ

ಇಷ್ಟರ ನಡುವೆ ಸಮಿತಿಯ ಸಭೆ ಎರಡು ಸಲ ಸೇರಿತ್ತು. ಮೊದಲ ಸಭೆ ಗಲಾಟೆಯಲ್ಲೇ ಮುಗಿಯಿತು. 'ಕೊಟ್ಟದ್ದನ್ನು ವಾಪಸ್ ತಂದಿಡೋದು ಅಹಂಕಾರ ಅಲ್ವಾ?' ಅಂತ ಒಬ್ಬರು. 'ಇಷ್ಟು ವರ್ಷ ಯಾರೂ ಬೇಜಾರು ಮಾಡ್ಕೊಂಡಿಲ್ಲ' ಅಂತ ಇನ್ನೊಬ್ಬರು. ಬೇಜಾರು ಮಾಡಿಕೊಂಡವರು ನಮ್ಮ ಹತ್ತಿರ ಬಂದು ಹೇಳುತ್ತಾರೆಯೇ? ಒಬ್ಬ ಅಜ್ಜಿಗೆ ಧೈರ್ಯ ಇತ್ತು, ಗೊತ್ತಾಯಿತು.

ಖಜಾಂಚಿ ಅಣ್ಣನ ಮಾತಿನಲ್ಲಿ ಮಾತ್ರ ತೂಕ ಇತ್ತು. ದುಡ್ಡು ಕೊಟ್ಟವರಿಗೆ ಅದು ಎಲ್ಲಿಗೆ ಹೋಯಿತು ಅಂತ ತೋರಿಸಬೇಕಲ್ಲ, ಫೋಟೋ ಇಲ್ಲದಿದ್ದರೆ ನಾಳೆ ನಾವೇ ತಿಂದೆವು ಅಂತಾರೆ ಅಂದರು. ಹೀಗೆ ಅಪವಾದ ಹೊತ್ತು ಹಣಕಾಸು ಸಮಿತಿ ಬಿಟ್ಟುಹೋದವರನ್ನು ನಾನೇ ನೋಡಿದ್ದೇನೆ. ಕೊನೆಗೆ ಒಪ್ಪಿದ್ದು ಹೀಗೆ: ದಾನಿಗಳಿಗೆ ಅಂಗಡಿಯ ಬಿಲ್ಲು, ಖರ್ಚಿನ ಹಾಳೆ, ಎಷ್ಟು ಮನೆಗೆ ಹೋಯಿತು ಅನ್ನುವ ಸಂಖ್ಯೆ. ಮುಖ ಇಲ್ಲ, ಹೆಸರಿಲ್ಲ. ಯಾರಿಗಾದರೂ ಅನುಮಾನ ಬಂದರೆ ಸ್ವಾಮಿಗಳ ಹತ್ತಿರ ಇರುವ ಪುಸ್ತಕ ನೋಡಬಹುದು. ಇಬ್ಬರು ದಾನಿಗಳು ಇದಾದ ಮೇಲೆ ಕೊಡುವುದನ್ನು ನಿಲ್ಲಿಸಿದರು. ಒಬ್ಬರು ಮೊದಲಿಗಿಂತ ಜಾಸ್ತಿ ಕೊಟ್ಟರು, ಹೆಸರು ಹೇಳಬೇಡಿ ಅಂತ.

ಬಹಿರಂಗವಾಗಿ ಕ್ಷಮೆ ಕೇಳೋಣ, ಭಾನುವಾರ ಪೂಜೆಯಲ್ಲಿ ಸ್ವಾಮಿಗಳು ಹೇಳಲಿ ಅಂತ ಯುವಜನರ ಕಡೆಯಿಂದ ಬಂತು. ಒಳ್ಳೆಯ ಮನಸ್ಸಿನ ಮಾತೇ. ಸ್ವಾಮಿಗಳು ಒಪ್ಪಲಿಲ್ಲ. 'ಮೈಕಲ್ಲಿ ಮಾಡಿದ ತಪ್ಪನ್ನ ಮೈಕಲ್ಲೇ ತಿದ್ದಕ್ಕೆ ಹೋದರೆ ಅಜ್ಜಿಯನ್ನ ಎರಡನೇ ಸಲ ಎಬ್ಬಿಸಿ ನಿಲ್ಲಿಸಿದ ಹಾಗೆ' ಅಂದರು. ಒಂದು ಸಂಜೆ ಒಬ್ಬರೇ ಸ್ಕೂಟರ್ ಹತ್ತಿ ಹೋಗಿಬಂದರು. ಅಲ್ಲಿ ಏನು ಮಾತಾಯಿತು ಅಂತ ನಮಗೆ ಗೊತ್ತಿಲ್ಲ. ಫೋಟೋಗಳನ್ನು ಗುಂಪಿನಿಂದ ಅಳಿಸಿದೆವು. ಅಷ್ಟು ಹೊತ್ತಿಗೆ ಅವು ಎಲ್ಲೆಲ್ಲಿಗೆ ಹೋಗಿದ್ದವೋ.

ಪಟ್ಟಿ ಬಿಚ್ಚಿ ಕೂತಾಗ ಇನ್ನೊಂದು ಬಣ್ಣ ಬಯಲಾಯಿತು. ಅದು 2020ರ ಲಾಕ್‌ಡೌನಿನಲ್ಲಿ ಅವಸರಕ್ಕೆ ಮಾಡಿದ ಪಟ್ಟಿ. ಆಗ ಬೇಕಾಗಿತ್ತು. ಆಮೇಲೆ ಪ್ರತಿ ವರ್ಷ ಅದನ್ನೇ ಜೆರಾಕ್ಸ್ ಮಾಡಿಕೊಂಡು ಬಂದಿದ್ದೆವು. ಇಬ್ಬರು ತೀರಿಕೊಂಡು ವರ್ಷದ ಮೇಲಾಗಿತ್ತು, ಕಿಟ್ಟನ್ನು ಮಕ್ಕಳು ಇಸಿದುಕೊಂಡು ಹೋಗುತ್ತಿದ್ದರು. ಕೆಲವರ ಮಕ್ಕಳಿಗೆ ಒಳ್ಳೆಯ ಕೆಲಸ ಸಿಕ್ಕಿತ್ತು. ಚರ್ಚಿನ ಹಿಂದಿನ ಸಾಲಿನಲ್ಲೇ ಬಾಡಿಗೆಗೆ ಇರುವ, ಗಂಡ ಹಾಸಿಗೆ ಹಿಡಿದಿರುವ ಒಬ್ಬ ಹೆಂಗಸಿನ ಹೆಸರು ಮಾತ್ರ ಇರಲಿಲ್ಲ. ಆಕೆ ಕಿರು ಸಮುದಾಯದ, ಅಂದರೆ ಅಕ್ಕಪಕ್ಕದ ಕ್ರೈಸ್ತ ಮನೆಗಳವರು ಸೇರುವ, ಪ್ರಾರ್ಥನಾ ಕೂಟಕ್ಕೆ ಬರುವುದಿಲ್ಲವಂತೆ. ಹೆಸರು ಬರೆದುಕೊಂಡದ್ದು ಕೂಟದಲ್ಲಿ. ಹಾಸಿಗೆ ಹಿಡಿದ ಗಂಡನನ್ನು ಬಿಟ್ಟು ಕೂಟಕ್ಕೆ ಹೇಗೆ ಬರುತ್ತಾಳೆ ಅಂತ ಯಾರೂ ಯೋಚನೆ ಮಾಡಿರಲಿಲ್ಲ.

ಫೆಬ್ರವರಿಯಲ್ಲಿ ಬೂದಿ ಬುಧವಾರ, ಈಸ್ಟರಿಗೆ ಮುಂಚಿನ ಉಪವಾಸದ ಕಾಲ ಶುರುವಾಗುವ ದಿನ, ಬಂತು. ಅವತ್ತು ಪ್ರತಿ ವರ್ಷ ಬೈಬಲ್ಲಿನಿಂದ ಓದುವುದು ಒಂದೇ ಶುಭಸಂದೇಶ, ಮತ್ತಾಯನ ಆರನೇ ಅಧ್ಯಾಯ. ದಾನ ಕೊಡುವಾಗ ತುತ್ತೂರಿ ಊದಿಸಬೇಡ, ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಅನ್ನುವ ಭಾಗ. ಐವತ್ತು ವರ್ಷದಿಂದ ಕೇಳಿಸಿಕೊಂಡು ಬಂದವನು ನಾನು. ಈ ಸಲ ತುತ್ತೂರಿ ಅನ್ನುವ ಮಾತು ಬಂದಾಗ ಖಜಾಂಚಿ ಅಣ್ಣ ಬೆಂಚಿನ ಆ ತುದಿಯಿಂದ ನನ್ನ ಕಡೆ ತಿರುಗಿ ನೋಡಿದರು. ಮೊದಲನೇ ಸಲ ಅವರಿಗೆ ನಗು ಬಂದಿತ್ತು.

ಈಗ ನಡೆಯುತ್ತಿರುವುದು

ಪಟ್ಟಿಯ 40 ಮನೆಗಳಲ್ಲಿ ಇದುವರೆಗೆ 23ಕ್ಕೆ ಹೋಗಿದ್ದೇವೆ, ಇಬ್ಬಿಬ್ಬರಾಗಿ. ಒಂಬತ್ತು ಮನೆಯಲ್ಲಿ ಕಾಗದದ ತೊಡಕು ಇತ್ತು. ಆಧಾರಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ದೀಕ್ಷಾಸ್ನಾನದ ಹೆಸರು ಒಂದು ಕಡೆ, ಮನೆಯಲ್ಲಿ ಕರೆಯುವ ಹೆಸರು ಇನ್ನೊಂದು ಕಡೆ. ನಮ್ಮವರಲ್ಲಿ ಇದು ಮಾಮೂಲು. ಆರು ಬಗೆಹರಿದಿವೆ, ಮೂರು ಹಾಗೇ ಕೂತಿವೆ. ಕಿಟ್ ಪೂರ್ತಿ ನಿಂತಿಲ್ಲ. ಸಾವು, ಆಪರೇಷನ್, ಕೆಲಸ ಹೋದದ್ದು ಇಂಥ ಹೊತ್ತಿಗೆ ಕೊಡುತ್ತೇವೆ. ಕತ್ತಲಾದ ಮೇಲೆ ಮನೆಗೇ ಒಯ್ದು ಕೊಡುತ್ತೇವೆ, ಮಾಮೂಲಿ ಬಟ್ಟೆ ಚೀಲದಲ್ಲಿ.

ಸೋತದ್ದೂ ಇದೆ. ಅಜ್ಜಿಯ ಮೊಮ್ಮಗ ಚರ್ಚಿನ ಧರ್ಮೋಪದೇಶದ ಕ್ಲಾಸಿಗೆ ಬರುವುದನ್ನು ಬಿಟ್ಟವನು ಇನ್ನೂ ಬಂದಿಲ್ಲ. ನನ್ನನ್ನು ಕಂಡರೆ ಸೈಕಲ್ ತಿರುಗಿಸುತ್ತಾನೆ. ಬಾ ಅಂತ ನಾನೂ ಒತ್ತಾಯ ಮಾಡುತ್ತಿಲ್ಲ. ಸೇವಾ ಸಮಿತಿಯಿಂದ ಇಬ್ಬರು ಬಿಟ್ಟರು, ಬ್ಯಾನರ್ ಇಲ್ಲದ ಕೆಲಸ ಅಂತ ಅಲ್ಲ, ನಿಜಕ್ಕೂ ಟೈಮ್ ಇಲ್ಲ. ಕಚೇರಿ ಕೆಲಸದ ದಿನವೇ ನಾಡಕಚೇರಿಯೂ ತೆರೆದಿರುವುದು. ದುಡಿಯುವವರು ಈ ಸೇವೆ ಮಾಡುವುದು ಸುಲಭ ಇಲ್ಲ. ನಿವೃತ್ತರು ಮಾಡಬಹುದು, ಆದರೆ ಅವರಿಗೆ ಒಟಿಪಿ ಅಂದರೆ ಭಯ. ಸ್ವಾಮಿಗಳಿಗೆ ಇವತ್ತಲ್ಲ ನಾಳೆ ವರ್ಗ ಆಗುತ್ತದೆ. ಹೊಸಬರು ಬಂದಾಗ ಇದು ಮುಂದುವರಿಯಲಿ ಅಂತ ಹೋದ ಮನೆಗಳ ಪುಸ್ತಕವನ್ನು ಹಿರಿಯರ ಹತ್ತಿರ ಇಟ್ಟಿದ್ದೇವೆ. ಅವರ ವಯಸ್ಸು ನೋಡಿದರೆ ಅದೂ ಒಂದು ಚಿಂತೆ.

ಇನ್ನೊಂದು ವಿಷಯಕ್ಕೆ ಬರುತ್ತೇನೆ. ದುಡ್ಡು ಸಿಕ್ಕಿದ ವಾರ ಅಜ್ಜಿ ತಮ್ಮ ಬೀದಿಯ ನಾಲ್ಕು ಜನರನ್ನು ಕರೆದುಕೊಂಡು ಹುಡುಗಿಯ ಅಂಗಡಿಗೆ ಬಂದರು. ನಾಲ್ವರೂ ಮುಸ್ಲಿಂ ಹೆಂಗಸರು, ಭಟ್ಟಿಯ ಜೊತೆಗಾರ್ತಿಯರು. ಸಮಿತಿಯಲ್ಲಿ ಮತ್ತೆ ಗುಸುಗುಸು. 2022ರ ಮತಾಂತರ ತಡೆ ಕಾಯ್ದೆಯಲ್ಲಿ ಉಡುಗೊರೆ, ಹಣ, ಉಚಿತ ಶಿಕ್ಷಣ ಇವನ್ನೂ ಆಮಿಷದ ಸಾಲಿಗೆ ಸೇರಿಸಿದ್ದಾರೆ. ಮತಾಂತರಕ್ಕಾಗಿ ಕೊಟ್ಟದ್ದು ಅಂತ ಸಾಬೀತಾದರೆ ಕಡಿಮೆ ಅಂದರೆ ಮೂರು ವರ್ಷ ಜೈಲು. ನಾವು ಯಾರನ್ನೂ ಮತಾಂತರ ಮಾಡುತ್ತಿಲ್ಲ, ಆದರೆ ದೂರು ಕೊಡುವವರಿಗೆ ಅಷ್ಟು ಸಾಕು ಅಂತ ಒಬ್ಬ ಸದಸ್ಯರ ಭಯ. ಭಯ ಸುಳ್ಳಲ್ಲ. ಹಿಂದಿನ ಕಿಟ್‌ಗಳಲ್ಲಿ ಮಾತೆಯ ಚಿತ್ರ ಇರುವ ಪ್ರಾರ್ಥನಾ ಕಾರ್ಡು ಹಾಕುತ್ತಿದ್ದೆವು, ಯಾರ ಮನೆಗೆ ಹೋಗುತ್ತದೆ ಅಂತ ನೋಡದೆ. ಈಗ ಅದನ್ನು ಬಿಟ್ಟಿದ್ದೇವೆ. ಕಾನೂನಿಗೆ ಹೆದರಿ ಬಿಟ್ಟೆವು ಅಂತ ಕೆಲವರು ಅಂದುಕೊಂಡಿದ್ದಾರೆ. ನನ್ನ ಲೆಕ್ಕದಲ್ಲಿ ಕಾನೂನು ಇಲ್ಲದಿದ್ದರೂ ಅಕ್ಕಿ ಚೀಲದಲ್ಲಿ ಅದನ್ನು ಹಾಕುವುದು ಸರಿ ಇರಲಿಲ್ಲ.

ಚರ್ಚಿನ ಆವರಣದಲ್ಲಿ ಟೇಬಲ್ ಹಾಕಿ ಕಾಗದದ ಕೆಲಸ ಮಾಡಿಕೊಡೋಣ ಅಂತ ನಾನು ಅಂದಿದ್ದೆ. ಅಜ್ಜಿ ಬೇಡ ಅಂದರು. 'ಅವರು ಒಳಗೆ ಬರಾಕೆ ನಾಚ್ತಾರೆ. ನಿಮಗೂ ಸುಮ್ನೆ ಮಾತು ಬರ್ತೈತೆ. ನಮ್ಮ ಕಟ್ಟೆ ಐತಲ್ಲ.'

ಹಾಗಾಗಿ ತಿಂಗಳಿಗೆ ಎರಡು ಶನಿವಾರ ಸಂಜೆ ಅಜ್ಜಿಯ ಮನೆಯ ಕಟ್ಟೆಯ ಮೇಲೆ ಹುಡುಗಿ ಲ್ಯಾಪ್‌ಟಾಪ್ ತೆರೆದು ಕೂರುತ್ತಾಳೆ. ನಾನು ಅರ್ಜಿ ತುಂಬುತ್ತೇನೆ. ಹಿರಿಯರು ಮಂಡಕ್ಕಿ ತಿನ್ನುತ್ತಾ ಬಂದವರನ್ನು ಮಾತಾಡಿಸುತ್ತಾರೆ. ಯಾರ ಕವರಿನಲ್ಲಿ ಯಾವ ಕಾಗದ ಇಲ್ಲ, ಯಾರ ಮಗ ದುಡ್ಡು ಕಳಿಸುತ್ತಿಲ್ಲ, ಯಾರು ಇದ್ದೂ ಇಲ್ಲ ಅಂತಾರೆ, ಎಲ್ಲ ಅಜ್ಜಿಗೆ ಬಾಯಿಪಾಠ. ನಮಗೆ ಈಗ ಬೇರೆ ಪಟ್ಟಿ ಇಲ್ಲ.

ಅಜ್ಜಿ ಪಕ್ಕದಲ್ಲಿ ಒಂದು ಬಟ್ಟಲು ನೀರು, ಒಂದು ಒದ್ದೆ ಬಟ್ಟೆ ಇಟ್ಟುಕೊಂಡಿರುತ್ತಾರೆ. ಮೆಷಿನ್ನಿನಲ್ಲಿ ಕೆಂಪು ದೀಪ ಬಂದು ಯಾರಾದರೂ ಗಾಬರಿ ಆದರೆ ಅವರ ಕೈ ಎಳೆದುಕೊಂಡು ತಾವೇ ಒರೆಸುತ್ತಾರೆ.

'ಎಡಗೈ ಕೊಡವ್ವ' ಅಂತಾರೆ. 'ಉಂಗುರದ ಬೆರಳು ಇಡು.'